ಬಾಯಿಯ ಫಂಗಸ್ ಔಷಧ ಲೋಳೆಪೊರೆಗೆ ಹಿಡಿಯುವಂತೆ ಬಳಸುವುದು ಹೇಗೆ?

ಬಾಯಿಯಲ್ಲಿ ಫಂಗಸ್ ಸೋಂಕಾದಾಗ ವೈದ್ಯರು ಹನಿ ಔಷಧವನ್ನೋ, ಮೌತ್ ಪೇಂಟನ್ನೋ, ಜೆಲ್ಲನ್ನೋ, ಚೀಪುವ ಮಾತ್ರೆಯನ್ನೋ ಬರೆದುಕೊಡುತ್ತಾರೆ. ರೋಗಿ ಅದನ್ನು ಜ್ವರದ ಔಷಧದಂತೆ ಗುಟುಕರಿಸಿ, ಮೇಲೊಂದು ಲೋಟ ನೀರು ಕುಡಿದು, ವಾರದ ನಂತರ ‘ಔಷಧ ಹಿಡಿಯಲಿಲ್ಲ’ ಎಂದು ಮರಳಿ ಬರುವುದು ಸಾಮಾನ್ಯ. ಇಂಥ ಸಂದರ್ಭಗಳಲ್ಲಿ ಅನೇಕ ಬಾರಿ ಔಷಧದ ಆಯ್ಕೆ ಸರಿಯಾಗಿಯೇ ಇರುತ್ತದೆ. ಅದು ಲೋಳೆಪೊರೆಯ, ಅಂದರೆ ಬಾಯಿಯ ಒಳಮೈಯನ್ನು ಹೊದ್ದಿರುವ ತೇವದ ಪೊರೆಯ, ಮೇಲೆ ನಿಂತ ಹೊತ್ತು ಸಾಲದೆ ಹೋಗಿರುತ್ತದೆ. ಔಷಧ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅದನ್ನು ತೊಳೆದು ಹಾಕುವುದು ಯಾವುದು ಎಂಬುದನ್ನು ತಿಳಿದುಕೊಂಡರೆ ಬಳಸುವ ಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಕ್ರಮವನ್ನು ಹೇಳುವ ಮೊದಲು ಲೋಳೆಪೊರೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಲೋಳೆಪೊರೆ ಮತ್ತು ಔಷಧ

ವಯಸ್ಕರ ಬಾಯಿಯ ಒಳಮೈಯ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರ್. ಅದೆಲ್ಲವೂ ಒಂದೇ ತೆರನಾಗಿಲ್ಲ. ಅಗಿಯುವಾಗಿನ ಉಜ್ಜಾಟವನ್ನು ತಡೆದುಕೊಳ್ಳಬೇಕಾದ ವಸಡು ಮತ್ತು ಗಟ್ಟಿ ಅಂಗುಳಿನ ಮೇಲೆ ಚರ್ಮದ ಮೇಲಿರುವಂಥ ಗಡುಸಾದ ಕೆರಾಟಿನ್ ಪದರವಿದೆ. ಕೆನ್ನೆಯ ಒಳಭಾಗ, ತುಟಿಯ ಒಳಭಾಗ, ನಾಲಗೆಯ ಅಡಿ ಮತ್ತು ಬಾಯಿಯ ತಳದಲ್ಲಿ ಆ ಪದರವಿಲ್ಲದ ಮೆತ್ತನೆಯ ಪೊರೆಯಿದೆ. ಕೆನ್ನೆಯ ಒಳಪೊರೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಾದರೆ, ನಾಲಗೆಯಡಿಯ ಪೊರೆ ಅದಕ್ಕಿಂತ ಬಹಳ ತೆಳು. ಎದೆನೋವು ಬಂದಾಗ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಗೆಯ ಅಡಿಯಲ್ಲಿ ಇಡಲು ಹೇಳುವುದು ಇದೇ ಕಾರಣಕ್ಕೆ. ಅಲ್ಲಿಂದ ಅದು ನೇರವಾಗಿ ರಕ್ತನಾಳಕ್ಕೆ ಇಳಿದು, ಯಕೃತ್ತಿನಲ್ಲಿ ಒಡೆದು ಹೋಗುವ ಮುನ್ನವೇ ಹೃದಯವನ್ನು ತಲುಪುತ್ತದೆ.

ಫಂಗಸ್ ಔಷಧದಿಂದ ನಾವು ಬಯಸುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ನಡವಳಿಕೆಯನ್ನು. ಬಾಯಿಯಲ್ಲಿ ತೊಂದರೆ ಕೊಡುವ ಕ್ಯಾಂಡಿಡಾ ಎಂಬ ಫಂಗಸ್ ಸಾಮಾನ್ಯವಾಗಿ ಲೋಳೆಪೊರೆಯ ಮೇಲಿನ ಪದರಗಳಲ್ಲೇ ಎಳೆ ಚಾಚಿಕೊಂಡು ಬೆಳೆಯುತ್ತದೆ. ದೇಹದ ರೋಗನಿರೋಧಕ ಶಕ್ತಿ ಸರಿಯಿರುವವರಲ್ಲಿ ಅದು ಆಳಕ್ಕೆ ಇಳಿಯುವುದು ಅಪರೂಪ. ಹಾಗಾಗಿ ಔಷಧ ರಕ್ತಕ್ಕೆ ದಾಟಿಹೋದರೆ ಅಷ್ಟು ಭಾಗ ಈ ಕೆಲಸದ ಮಟ್ಟಿಗೆ ವ್ಯರ್ಥವಾದಂತೆಯೇ ಸರಿ. ಅದು ಮೇಲ್ಪದರದಲ್ಲಿ ತಂಗಿರಬೇಕು.

ಇಲ್ಲಿ ಔಷಧಗಳ ಸ್ವಭಾವ ಬೇರೆ ಬೇರೆ. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ನಿಸ್ಟಾಟಿನ್ ಇಂದಿಗೂ ಬಳಕೆಯಲ್ಲಿದೆ. ಅದರ ಅಣುಭಾರ 926ರಷ್ಟಿದ್ದು, ನೀರಿನಲ್ಲಿ ಅದು ಸರಿಯಾಗಿ ಕರಗುವುದೂ ಇಲ್ಲ. ಇಷ್ಟು ದೊಡ್ಡ ಅಣು ಲೋಳೆಪೊರೆಯನ್ನಾಗಲಿ ಕರುಳಿನ ಗೋಡೆಯನ್ನಾಗಲಿ ದಾಟುವುದು ಇಲ್ಲವೆನ್ನುವಷ್ಟು ಕಡಿಮೆ. ನುಂಗಿದ್ದು ಬಹುಪಾಲು ಹಾಗೆಯೇ ಮಲದಲ್ಲಿ ಹೊರಬೀಳುತ್ತದೆ. ಅಂದರೆ ನಿಸ್ಟಾಟಿನ್ ಫಂಗಸ್ಸನ್ನು ಮುಟ್ಟಿಕೊಂಡಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಗಂಟಲು ದಾಟಿದ ಮೇಲೆ ಬಾಯಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಕ್ಲೋಟ್ರಿಮಜೋಲ್ ಮತ್ತು ಮೈಕೊನಜೋಲ್ ಇನ್ನೊಂದು ಬಗೆಯವು. ಇವುಗಳ ಅಣುಭಾರ ಕ್ರಮವಾಗಿ 345 ಮತ್ತು 416. ಎರಡೂ ನೀರಿಗಿಂತ ಜಿಡ್ಡನ್ನು ಹೆಚ್ಚು ಒಪ್ಪುವ ವಸ್ತುಗಳು. ಲೋಳೆಪೊರೆಯ ಮೇಲಿನ ಮೂರನೆಯ ಒಂದು ಭಾಗದಲ್ಲಿ ಜೀವಕೋಶಗಳ ನಡುವಿನ ಸಂದುಗಳನ್ನು ಕೊಬ್ಬಿನಂಥ ಪದಾರ್ಥ ತುಂಬಿಕೊಂಡಿರುತ್ತದೆ. ನೀರಿನಲ್ಲಿ ಕರಗುವ ವಸ್ತುಗಳಿಗೆ ಅದು ತಡೆ; ಜಿಡ್ಡಿಗೆ ಒಲಿಯುವ ಔಷಧಕ್ಕೆ ಅದೇ ತಂಗುದಾಣ. ಮರದ ಸೌಟಿಗೆ ಹಿಡಿದ ಎಣ್ಣೆ ತೊಳೆದ ಮೇಲೂ ಉಳಿದಿರುವಂತೆ, ಈ ಔಷಧಗಳು ಪೊರೆಗೆ ಹಿಡಿದು ಆಮೇಲೆ ಸ್ವಲ್ಪಸ್ವಲ್ಪವಾಗಿ ಜೊಲ್ಲಿಗೆ ಬಿಡುಗಡೆಯಾಗುತ್ತವೆ. ಕ್ಲೋಟ್ರಿಮಜೋಲಿನ 10 ಮಿಲಿಗ್ರಾಂ ಚೀಪುವ ಮಾತ್ರೆ ಬಾಯಿಯಲ್ಲಿ ಅರ್ಧ ಗಂಟೆಯೊಳಗೆ ಕರಗಿ ಮುಗಿದರೂ, ಹೆಚ್ಚಿನ ಕ್ಯಾಂಡಿಡಾ ಬಗೆಗಳನ್ನು ತಡೆಯುವಷ್ಟು ಔಷಧ ಮೂರು ಗಂಟೆಯವರೆಗೂ ಜೊಲ್ಲಿನಲ್ಲಿ ಸಿಗುವುದು ಇದರಿಂದಲೇ. ಅದೇ ಹೊತ್ತಿಗೆ ರಕ್ತ ಪರೀಕ್ಷಿಸಿದರೆ ಮಿಲಿಲೀಟರಿಗೆ ಕೆಲವೇ ನ್ಯಾನೊಗ್ರಾಂನಷ್ಟು ಔಷಧ ಕಾಣುತ್ತದೆ.

ಫ್ಲುಕೊನಜೋಲ್ ಮೂರನೆಯ ಬಗೆ. ಅದು ಸಣ್ಣ ಅಣು, ನೀರಿನಲ್ಲಿ ಕರಗುತ್ತದೆ, ನುಂಗಿದ್ದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಕರುಳಿನಿಂದ ರಕ್ತಕ್ಕೆ ಸೇರಿ, ರಕ್ತದಲ್ಲಿರುವಷ್ಟೇ ಸಾಂದ್ರತೆಯಲ್ಲಿ ಜೊಲ್ಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಅದು ಬಾಯಿಗೆ ಒಳದಾರಿಯಿಂದ ಬರುವ ಔಷಧ. ಆ ಮಾತ್ರೆಯನ್ನು ನೀರಿನೊಡನೆ ನುಂಗಿದರೆ ಸಾಕು.

ಇನ್ನು ಹಚ್ಚುವ ಔಷಧಕ್ಕೆ ದೊಡ್ಡ ಎದುರಾಳಿ ಯಾವುದೆಂದರೆ ನಮ್ಮದೇ ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅದು ಸುರಿಯುತ್ತದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್ ಒಸರುವ ಜೊಲ್ಲು, ಏನನ್ನಾದರೂ ಅಗಿಯುವಾಗ ಅಥವಾ ಹುಳಿ ನಾಲಗೆಗೆ ತಾಗಿದಾಗ ಹಲವು ಪಟ್ಟು ಹೆಚ್ಚುತ್ತದೆ. ಬಾಯಿಯಲ್ಲಿ ಒಂದು ಮಿಲಿಲೀಟರಿನಷ್ಟು ಸೇರುತ್ತಿದ್ದಂತೆ ನಮಗರಿವಿಲ್ಲದೆ ನುಂಗಿಬಿಡುತ್ತೇವೆ, ಜೊತೆಗೆ ಔಷಧವೂ ಹೋಗುತ್ತದೆ. ಮುಂದೆ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಈ ತೊಳೆಯುವಿಕೆಯನ್ನು ಸ್ವಲ್ಪ ಹೊತ್ತು ಮುಂದೂಡುವ ಉಪಾಯಗಳು.

ಮೊದಲ ಹೆಜ್ಜೆ: ಅದು ಫಂಗಸ್ಸೇ ಎಂದು ಖಚಿತಪಡಿಸಿಕೊಳ್ಳಿ

ಕೆನ್ನೆಯ ಒಳಗೆ, ನಾಲಗೆಯ ಮೇಲೆ ಅಥವಾ ಅಂಗುಳಿನಲ್ಲಿ ಒಡೆದ ಹಾಲಿನ ಚೂರುಗಳಂಥ ಬಿಳಿ ಪದರ ಕಂಡು, ಸ್ವಚ್ಛವಾದ ತೆಳು ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಅದು ಎದ್ದುಬಂದು ಅಡಿಯಲ್ಲಿ ಕೆಂಪು ಮೈ ಕಂಡರೆ ಫಂಗಸ್ ಸೋಂಕಿನ ಸಾಧ್ಯತೆ ಹೆಚ್ಚು. ಇತ್ತೀಚೆಗೆ ಆಂಟಿಬಯೋಟಿಕ್ ತೆಗೆದುಕೊಂಡವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಉಬ್ಬಸಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಬಳಸುವವರು, ಕಟ್ಟಿಸಿದ ಹಲ್ಲಿನ ಸೆಟ್ ಹಾಕುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು ಮತ್ತು ಹಸುಗೂಸುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಬಿಳಿಯೇ ಇಲ್ಲದೆ ಬರಿಯ ಕೆಂಪು, ಉರಿ ಮತ್ತು ರುಚಿಗೆಟ್ಟ ಬಾಯಿಯ ರೂಪದಲ್ಲೂ ಬರಬಹುದು; ಹಲ್ಲಿನ ಸೆಟ್ಟಿನ ಅಡಿಯಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆಯೇ.

ಒರೆಸಿದರೂ ಹೋಗದ ಬಿಳಿ ಕಲೆ ಬೇರೆಯೇ ವಿಷಯ. ಎಲೆಯಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವ ಅಭ್ಯಾಸವಿರುವವರಲ್ಲಿ ಇಂಥ ಕಲೆ ಕ್ಯಾನ್ಸರಿಗೆ ಮುನ್ನಿನ ಹಂತವಾಗಿರಬಹುದು. ಖಾರ ತಿಂದರೆ ಉರಿ, ಕೆನ್ನೆಯ ಒಳಗೆ ಬಿಗಿತ, ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯಲಾಗದಿರುವುದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಲಕ್ಷಣಗಳು. ಇದಕ್ಕೆ ಫಂಗಸ್ ಔಷಧವನ್ನು ತಿಂಗಳುಗಟ್ಟಲೆ ಹಚ್ಚುತ್ತ ಕುಳಿತರೆ ದಂತವೈದ್ಯರಿಗೆ ತೋರಿಸಬೇಕಾದ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಮೆಡಿಕಲ್ ಶಾಪಿನಲ್ಲಿ ‘ಬಾಯಿ ಹುಣ್ಣಿಗೆ ಏನಾದರೂ ಕೊಡಿ’ ಎಂದು ಕೇಳಿ ತರುವ ಮುಲಾಮುಗಳ ಬಗ್ಗೆಯೂ ಒಂದು ಮಾತು. ಟ್ರಯಾಮ್ಸಿನೊಲೋನ್ ಇರುವ ಮುಲಾಮು ಸ್ಟೆರಾಯ್ಡ್ ಆಗಿದ್ದು, ಅದು ಫಂಗಸ್ಸಿಗೆ ಅನುಕೂಲವನ್ನೇ ಮಾಡಿಕೊಡುತ್ತದೆ. ಮರಗಟ್ಟಿಸುವ ಜೆಲ್ ನೋವನ್ನಷ್ಟೇ ಮರೆಸುತ್ತದೆ. ಟ್ಯೂಬಿನ ಮೇಲೆ ಔಷಧದ ಹೆಸರು ಓದದೆ ಹಚ್ಚಬಾರದು.

ಎರಡನೆಯ ಹೆಜ್ಜೆ: ಬಾಯಿಯನ್ನು ಸಿದ್ಧಮಾಡಿಕೊಳ್ಳಿ

ಔಷಧದ ಸಮಯವನ್ನು ಊಟ, ತಿಂಡಿ, ಕಾಫಿಯ ನಂತರಕ್ಕೆ ಇಟ್ಟುಕೊಳ್ಳಬೇಕು. ಮೊದಲೇ ಹಾಕಿಕೊಂಡರೆ ತಿಂದ ಅನ್ನವೇ ಅದನ್ನು ಒರೆಸಿಕೊಂಡು ಹೋಗುತ್ತದೆ. ಊಟವಾದ ಮೇಲೆ ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಿ, ಬರಿಯ ನೀರಿನಿಂದ ಎರಡು ಮೂರು ಬಾರಿ ಮುಕ್ಕಳಿಸಿ ಉಗುಳಿ. ಸಡಿಲವಾಗಿರುವ ಬಿಳಿ ಪದರ ತಾನಾಗಿ ಎದ್ದುಬಂದರೆ ತೆಗೆಯಬಹುದು, ಉಗುರಿನಿಂದ ಅಥವಾ ಟಂಗ್ ಕ್ಲೀನರಿನಿಂದ ಕೆರೆದು ರಕ್ತ ಬರಿಸುವುದು ಬೇಡ. ಹಲ್ಲಿನ ಸೆಟ್ ಇದ್ದರೆ ಕಡ್ಡಾಯವಾಗಿ ತೆಗೆದಿಡಬೇಕು.

ಅನೇಕರ ಮನೆಯಲ್ಲಿ ದಂತವೈದ್ಯರು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಇರುತ್ತದೆ. ಅದಕ್ಕೂ ನಿಸ್ಟಾಟಿನ್‌ಗೂ ಆಗಿಬರುವುದಿಲ್ಲ. ಎರಡೂ ಸೇರಿದರೆ ಕರಗದ ಸಂಯುಕ್ತವೊಂದು ಉಂಟಾಗಿ ಎರಡರ ಶಕ್ತಿಯೂ ಕುಂದುತ್ತದೆ. ಇಬ್ಬರು ಬೇರೆ ಬೇರೆ ವೈದ್ಯರು ಇವೆರಡನ್ನೂ ಬರೆದುಕೊಟ್ಟಿದ್ದರೆ ನಡುವೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಇನ್ನೂ ಹೆಚ್ಚು ಅಂತರವಿರಲಿ.

ಬಾಯಿ ತೀರ ಒಣಗಿರುವವರಿಗೆ ಸಿದ್ಧತೆ ಸ್ವಲ್ಪ ಬೇರೆ. ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಜೊಲ್ಲಿನ ಗ್ರಂಥಿಗಳನ್ನು ಕೆಡಿಸುವ ಶೋಗ್ರೆನ್ ಕಾಯಿಲೆ ಇರುವವರಲ್ಲಿ ಜೊಲ್ಲು ತೀರ ಕಡಿಮೆಯಾದ್ದರಿಂದ ಚೀಪುವ ಮಾತ್ರೆ ಕರಗದೆ ಕಲ್ಲಿನ ಚೂರಿನಂತೆ ಒಂದೆಡೆ ಒತ್ತುತ್ತದೆ. ಅವರು ಒಂದು ಗುಟುಕು ನೀರಿನಿಂದ ಬಾಯಿಯನ್ನು ತೇವ ಮಾಡಿಕೊಂಡು ಶುರುಮಾಡಬೇಕು. ಹಾಗೆ ಮಾಡಿದರೂ ಕರಗದಿದ್ದರೆ ಹನಿ ಔಷಧವನ್ನೋ ನುಂಗುವ ಫ್ಲುಕೊನಜೋಲನ್ನೋ ಬರೆಯುವಂತೆ ವೈದ್ಯರನ್ನು ಕೇಳುವುದೇ ಸರಿ.

ಮೂರನೆಯ ಹೆಜ್ಜೆ: ಔಷಧದ ರೂಪಕ್ಕೆ ತಕ್ಕಂತೆ ಬಳಸಿ

ನಿಸ್ಟಾಟಿನ್ ಹನಿ ಔಷಧ ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಲಕ್ಷ ಯೂನಿಟ್ ಇರುತ್ತದೆ. ವಯಸ್ಕರಿಗೆ ಒಂದು ಸಲಕ್ಕೆ 4ರಿಂದ 6 ಮಿಲಿಲೀಟರಿನಂತೆ ದಿನಕ್ಕೆ ನಾಲ್ಕು ಬಾರಿ ಕೊಡುವುದು ರೂಢಿ. ಔಷಧ ಕರಗದೆ ತಳಕ್ಕೆ ಇಳಿದಿರುವುದರಿಂದ ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಮೊದಲ ದಿನಗಳಲ್ಲಿ ಬರಿಯ ಸಿಹಿ ದ್ರವ, ಕೊನೆಯ ದಿನಗಳಲ್ಲಿ ಗಟ್ಟಿ ಔಷಧ ಎಂಬಂತಾಗುತ್ತದೆ. ಅಳತೆಯ ಅರ್ಧವನ್ನು ಒಂದು ಕೆನ್ನೆಯ ಒಳಗೆ, ಉಳಿದರ್ಧವನ್ನು ಇನ್ನೊಂದು ಕೆನ್ನೆಯ ಒಳಗೆ ಬಿಟ್ಟುಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ, ನಾಲಗೆಯಿಂದ ಅಂಗುಳಿಗೂ ತಾಗಿಸಿ, ಆಗುವಷ್ಟು ಹೊತ್ತು ಬಾಯಿಯಲ್ಲೇ ಇಟ್ಟುಕೊಳ್ಳಬೇಕು. ಗಡಿಯಾರ ನೋಡಿಕೊಂಡರೆ ಒಳ್ಳೆಯದು: ನಮಗೆ ಐದು ನಿಮಿಷ ಎನಿಸಿದ್ದು ನಿಜವಾಗಿ ಒಂದೂವರೆ ನಿಮಿಷವಾಗಿರುತ್ತದೆ. ಕೊನೆಗೆ ನುಂಗಬೇಕೋ ಉಗುಳಬೇಕೋ ಎಂಬುದನ್ನು ವೈದ್ಯರು ಹೇಳಿದಂತೆ ಮಾಡಿ. ಗಂಟಲಿನ ಹಿಂಭಾಗದಲ್ಲೂ ಬಿಳಿ ಇದ್ದರೆ ನುಂಗಲು ಹೇಳುವುದುಂಟು. ಕಹಿಯನ್ನು ಮರೆಸಲು ಈ ಔಷಧಕ್ಕೆ ಸಕ್ಕರೆಯನ್ನು ಧಾರಾಳವಾಗಿ ಸೇರಿಸಿರುತ್ತಾರೆ ಎಂಬುದನ್ನು ಸಕ್ಕರೆ ಕಾಯಿಲೆಯವರೂ, ಹುಳುಕು ಹಲ್ಲಿನವರೂ ಗಮನಿಸಬೇಕು.

ನಮ್ಮಲ್ಲಿ ಹೆಚ್ಚು ಓಡಾಡುವುದು ಶೇಕಡಾ 1ರ ಕ್ಲೋಟ್ರಿಮಜೋಲ್ ಮೌತ್ ಪೇಂಟ್. ಇದನ್ನು ಹಚ್ಚುವ ಜಾಗ ತೇವದಿಂದ ಜಾರುತ್ತಿದ್ದರೆ ಔಷಧ ಜೊಲ್ಲಿನ ಮೇಲೆ ತೇಲಿ ಹೋಗುತ್ತದೆ. ಆದ್ದರಿಂದ ಮೊದಲು ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಹಿಡಿದು, ಚಿಕ್ಕ ಹತ್ತಿಯುಂಡೆಯಿಂದ ಆ ಜಾಗದ ಜೊಲ್ಲನ್ನು ಒತ್ತಿ ತೆಗೆಯಿರಿ. ಬಳಿಕ ಸ್ವಚ್ಛವಾದ ಇಯರ್‌ಬಡ್ಡಿನ ತುದಿಗೆ ಎರಡು ಮೂರು ಹನಿ ಹಾಕಿ, ಬಿಳಿ ಇರುವ ಕಡೆ ಮತ್ತು ಅದರ ಸುತ್ತ ಬೆರಳಗಲದಷ್ಟು ಜಾಗಕ್ಕೆ ತೆಳುವಾಗಿ ಸವರಿ, ಬಾಯಿಯನ್ನು ಅರ್ಧ ತೆರೆದುಕೊಂಡು ಒಂದೆರಡು ನಿಮಿಷ ಹಾಗೆಯೇ ಇರಿ. ನಾಲಗೆಯ ಮೇಲೆ ಹಚ್ಚುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ತೀರ ಹಿಂದಕ್ಕೆ ಹೋದರೆ ಓಕರಿಕೆ ಬಂದು ಬಾಯಿತುಂಬ ಜೊಲ್ಲು ಸುರಿದು ಮಾಡಿದ್ದೆಲ್ಲ ತೊಳೆದುಹೋಗುತ್ತದೆ. ಬಾಟಲಿಯ ಡ್ರಾಪರನ್ನು ಬಾಯಿಗೆ ತಾಗಿಸಬಾರದು.

ಚೀಪುವ ಮಾತ್ರೆಯನ್ನು ಜಗಿಯುವುದೂ ಇಲ್ಲ, ನುಂಗುವುದೂ ಇಲ್ಲ. ಕ್ಲೋಟ್ರಿಮಜೋಲ್ 10 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಐದು ಬಾರಿ ಎಂದು ಹೇಳಿರುವುದಕ್ಕೆ ಕಾರಣವನ್ನು ಮೇಲೆಯೇ ನೋಡಿದ್ದೇವೆ: ಒಂದು ಮಾತ್ರೆಯ ಪ್ರಭಾವ ಸುಮಾರು ಮೂರು ಗಂಟೆ, ಎಚ್ಚರವಾಗಿರುವ ಹೊತ್ತನ್ನು ಅದರಿಂದ ಭಾಗಿಸಿ ನೋಡಿ. ಐದನ್ನು ಬೆಳಿಗ್ಗೆ ಮೂರು, ರಾತ್ರಿ ಎರಡು ಎಂದು ಒಟ್ಟುಗೂಡಿಸಿಕೊಂಡರೆ ಮಧ್ಯಾಹ್ನವೆಲ್ಲ ಫಂಗಸ್ಸಿಗೆ ಬಿಡುವು ಸಿಕ್ಕಂತೆ. ಕರಗುವಾಗ ಮಾತ್ರೆಯನ್ನು ಒಂದೇ ಕೆನ್ನೆಯಲ್ಲಿ ಇಡದೆ ಬಾಯಿಯಲ್ಲಿ ನಿಧಾನವಾಗಿ ಜಾಗ ಬದಲಿಸುತ್ತಿರಿ. ಮೂರು ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲದು.

ಮೈಕೊನಜೋಲ್ ಜೆಲ್ ಶೇಕಡಾ 2ರದು. ಅದು ಅಂಟಾಗಿರುವುದೇ ಅದರ ಗುಣ. ಊಟದ ನಂತರ ಸ್ವಚ್ಛವಾದ ಬೆರಳಿನಿಂದ ಹಚ್ಚಿ, ನುಂಗುವ ಮುನ್ನ ಸಾಧ್ಯವಾದಷ್ಟು ಹೊತ್ತು ಉಳಿಸಿಕೊಳ್ಳಬೇಕು. ಇದೇ ಔಷಧದ 50 ಮಿಲಿಗ್ರಾಂ ಅಂಟುಮಾತ್ರೆಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿ ಹಾಗೂ ಯುರೋಪಿನಲ್ಲಿ ಇರುವ ಕನ್ನಡಿಗರಿಗೆ ವೈದ್ಯರು ಅದನ್ನು ಬರೆದುಕೊಡಬಹುದು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಮಾತ್ರೆಯ ಉಬ್ಬಿದ ಬದಿಯನ್ನು ಮೇಲ್ವಸಡಿಗೆ, ಕೋರೆಹಲ್ಲಿನ ಬಳಿ ಇರುವ ತಗ್ಗಿಗೆ ತಾಗಿಸಿ, ಹೊರಗಿನಿಂದ ತುಟಿಯ ಮೇಲೆ ಬೆರಳಿಟ್ಟು 30 ಸೆಕೆಂಡು ಒತ್ತಿ ಹಿಡಿದರೆ ಅಂಟಿಕೊಳ್ಳುತ್ತದೆ. ಅದು ಸರಾಸರಿ 15 ಗಂಟೆ ಅಲ್ಲೇ ಕುಳಿತು ಔಷಧ ಬಿಡುತ್ತಿದ್ದು, ಜೊಲ್ಲಿನಲ್ಲಿ ಔಷಧದ ಪ್ರಮಾಣ ಏಳನೆಯ ಗಂಟೆಯ ಸುಮಾರಿಗೆ ಗರಿಷ್ಠ ಮುಟ್ಟುತ್ತದೆ. ಮೊದಲ ಆರು ಗಂಟೆಯೊಳಗೆ ಕಳಚಿಬಿದ್ದರೆ ಅದನ್ನೇ ಮತ್ತೆ ಅಂಟಿಸಬೇಕು. ಆರು ಗಂಟೆ ಕಳೆದ ಮೇಲೆ ಬಿದ್ದರೆ ಮಾರನೆಯ ದಿನದವರೆಗೆ ಬೇರೊಂದು ಬೇಡ. ದಿನಕ್ಕೊಂದು ಬದಿಯಂತೆ ಬದಲಾಯಿಸಬೇಕು. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಇದನ್ನು ಬಳಸುವಂತಿಲ್ಲ. ತಿನ್ನುವುದಕ್ಕೂ ಕುಡಿಯುವುದಕ್ಕೂ ಅಡ್ಡಿಯಿಲ್ಲ, ಚ್ಯೂಯಿಂಗ್ ಗಮ್ ಮಾತ್ರ ಬೇಡ.

ನಾಲ್ಕನೆಯ ಹೆಜ್ಜೆ: ಹಚ್ಚಿದ ಮೇಲಿನ ಅರ್ಧ ಗಂಟೆಯನ್ನು ಕಾಪಾಡಿ

ಹನಿ, ಪೇಂಟ್, ಜೆಲ್ ಯಾವುದನ್ನೇ ಬಳಸಿದರೂ ಮುಂದಿನ ಅರ್ಧ ಗಂಟೆ ನೀರು, ಊಟ, ಅಡಿಕೆ, ಚ್ಯೂಯಿಂಗ್ ಗಮ್, ಮುಕ್ಕಳಿಸುವುದು ಯಾವುದೂ ಕೂಡದು. ಹೆಚ್ಚಿನವರು ಎಡವುವುದು ಇಲ್ಲಿ. ‘ಬಾಯಿ ಕಹಿಯಾಯಿತು’ ಎಂದು ಒಂದು ಗುಟುಕು ಮಜ್ಜಿಗೆ ಕುಡಿದರೆ ಸಾಕು, ಔಷಧ ಹೊಟ್ಟೆಗಿಳಿದಂತೆ. ರಾತ್ರಿ ಮಲಗುವ ಮುನ್ನಿನ ಸರದಿಗೆ ನಾನು ಉಳಿದವುಗಳಿಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆ. ನಿದ್ದೆಯಲ್ಲಿ ಜೊಲ್ಲು ಒಸರುವುದು ಬಹಳ ಕಡಿಮೆ, ನುಂಗುವುದೂ ಅಪರೂಪ. ಹಾಗಾಗಿ ಆ ಹೊತ್ತಿನಲ್ಲಿ ಹಚ್ಚಿದ್ದು ಪೊರೆಯ ಮೇಲೆ ಅತಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನದ ಯಾವುದೋ ಒಂದು ಸರದಿ ತಪ್ಪಿದರೂ ಚಿಂತೆಯಿಲ್ಲ, ಇದು ತಪ್ಪಬಾರದು.

ಐದನೆಯ ಹೆಜ್ಜೆ: ಬಿಳಿ ಮಾಯವಾದ ಮೇಲೂ ಮುಂದುವರಿಸಿ

ಮೂರು ನಾಲ್ಕು ದಿನದಲ್ಲಿ ಬಿಳಿ ಕಡಿಮೆಯಾಗಿ ಉರಿ ಇಳಿದರೂ ಫಂಗಸ್ ಪೂರ್ತಿ ಹೋಗಿರುವುದಿಲ್ಲ. ಕ್ಲೋಟ್ರಿಮಜೋಲ್, ಮೈಕೊನಜೋಲ್‌ಗಳು ಮುಖ್ಯವಾಗಿ ಫಂಗಸ್ಸಿನ ಬೆಳವಣಿಗೆಯನ್ನು ತಡೆಯುತ್ತವೆ; ಅದು ಹಬ್ಬಿದ್ದ ಮೇಲ್ಪದರದ ಕೋಶಗಳು ಉದುರಿ ಅಡಿಯಿಂದ ಹೊಸವು ಬರುವವರೆಗೂ ಕಾಯಬೇಕಾಗುತ್ತದೆ. ಕೆನ್ನೆಯ ಒಳಪೊರೆಯ ಕೋಶಗಳು ಹೊಸದಾಗಲು ಐದಾರು ದಿನ ಹಿಡಿಯುತ್ತದೆ. ಸೌಮ್ಯವಾದ ಸೋಂಕಿಗೆ 7ರಿಂದ 14 ದಿನದ ಚಿಕಿತ್ಸೆ ಎಂದು ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘದ 2016ರ ಮಾರ್ಗಸೂಚಿ ಹೇಳುತ್ತದೆ. ನಿಸ್ಟಾಟಿನ್ ಆದರೆ ಲಕ್ಷಣಗಳು ಹೋದ ಮೇಲೆ ಕನಿಷ್ಠ ಎರಡು ದಿನ, ಮೈಕೊನಜೋಲ್ ಜೆಲ್ ಆದರೆ ಒಂದು ವಾರ ಮುಂದುವರಿಸುವುದು ಕ್ರಮ.

ಹಲ್ಲಿನ ಸೆಟ್ ಇರುವವರಿಗೆ

ಸೆಟ್ ಹಾಕಿಕೊಂಡೇ ಔಷಧ ಮುಕ್ಕಳಿಸಿದರೆ, ಎಲ್ಲಕ್ಕಿಂತ ಹೆಚ್ಚು ಸೋಂಕಿರುವ ಅಂಗುಳಿಗೆ ಅದು ತಲುಪುವುದೇ ಇಲ್ಲ. ಮೇಲಾಗಿ ಅಕ್ರಿಲಿಕ್ ಸೆಟ್ಟಿನ ಒಳಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಫಂಗಸ್ ಅಂಟುಪದರ ಕಟ್ಟಿಕೊಂಡಿರುತ್ತದೆ. ಬಾಯಿಯನ್ನು ಎಷ್ಟು ಚಿಕಿತ್ಸೆ ಮಾಡಿದರೂ ಬೆಳಿಗ್ಗೆ ಸೆಟ್ ಹಾಕುತ್ತಿದ್ದಂತೆ ಸೋಂಕು ಮರಳುತ್ತದೆ. ಆದ್ದರಿಂದ ಸೆಟ್ಟಿಗೂ ಚಿಕಿತ್ಸೆ ಬೇಕು: ದಿನವೂ ಬ್ರಷ್ಷಿನಿಂದ ಒಳಮೈ ತಿಕ್ಕಿ, ರಾತ್ರಿ ತೆಗೆದು ದಂತವೈದ್ಯರು ಸೂಚಿಸಿದ ದ್ರಾವಣದಲ್ಲಿ ನೆನೆಸಬೇಕು. ಲೋಹದ ಭಾಗ ಇಲ್ಲದ ಸೆಟ್ಟಿಗೆ ತೆಳು ಮಾಡಿದ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಆಗುತ್ತದೆ; ಲೋಹವಿದ್ದರೆ ಅದು ಕೊರೆಯುವುದರಿಂದ ಕ್ಲೋರ್‌ಹೆಕ್ಸಿಡಿನ್ ಬಳಸುತ್ತಾರೆ. ಕುದಿಯುವ ನೀರಿಗೆ ಹಾಕಿದರೆ ಅಕ್ರಿಲಿಕ್ ಡೊಂಕಾಗಿ, ಹೊಸ ಸೆಟ್ಟೇ ಮಾಡಿಸಬೇಕಾದೀತು. ಬೆಳಿಗ್ಗೆ ತೊಳೆದ ಸೆಟ್ಟಿನ ಒಳಮೈಗೆ ಮೈಕೊನಜೋಲ್ ಜೆಲ್ ತೆಳುವಾಗಿ ಸವರಿ ಹಾಕಿಕೊಂಡರೆ ಜೊಲ್ಲಿಗೆ ಸಿಕ್ಕದಂತೆ ಅಂಗುಳಿಗೇ ಔಷಧ ಒತ್ತಿಕೊಂಡಿರುತ್ತದೆ. ರೋಗ ಹೆಚ್ಚಿಸುವ ಸೆಟ್ಟೇ ಔಷಧವನ್ನು ಹಿಡಿದಿಡುವ ಪಟ್ಟಿಯೂ ಆಗುವ ಈ ಉಪಾಯ ನನಗೆ ಬಹಳ ಮೆಚ್ಚಿಗೆಯದು. ರಾತ್ರಿಯೂ ಸೆಟ್ ಹಾಕಿಯೇ ಮಲಗುವ ಹಿರಿಯರಿಗೆ ಅದನ್ನು ತೆಗೆದಿಡುವಂತೆ ಒಪ್ಪಿಸುವುದೇ ಅರ್ಧ ಚಿಕಿತ್ಸೆ.

ಇನ್‌ಹೇಲರ್ ಬಳಸುವವರು ಪ್ರತಿ ಸಲ ಸ್ಟೆರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ, ಗಂಟಲನ್ನೂ ಗಳಗಳಿಸಿ ಉಗುಳಬೇಕು, ಸಾಧ್ಯವಾದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಸ್ಪೇಸರ್ ಕೊಳವೆ ಬಳಸಬೇಕು. ಫಂಗಸ್ ಔಷಧದ ಸರದಿ ಇದರ ನಂತರ ಬರುವಂತೆ ನೋಡಿಕೊಳ್ಳಿ.

ಹಸುಗೂಸುಗಳ ವಿಷಯದಲ್ಲಿ

ಮಗುವಿನ ನಾಲಗೆಯ ಮೇಲಿನ ಬಿಳಿಯೆಲ್ಲ ಫಂಗಸ್ ಅಲ್ಲ. ಹಾಲು ಕುಡಿದ ಗುರುತು ಒರೆಸಿದರೆ ಹೋಗುತ್ತದೆ, ಅಡಿಯಲ್ಲಿ ಕೆಂಪಿರುವುದಿಲ್ಲ. ವೈದ್ಯರು ನಿಸ್ಟಾಟಿನ್ ಹನಿ ಬರೆದಿದ್ದರೆ ಹಾಲು ಕುಡಿಸಿದ ಸ್ವಲ್ಪ ಹೊತ್ತಿನ ನಂತರ ಡ್ರಾಪರಿನಿಂದ ಅರ್ಧರ್ಧ ಭಾಗವನ್ನು ಎರಡೂ ಕೆನ್ನೆಯ ಒಳಗೆ ಬಿಡಬೇಕು. ನಾಲಗೆಯ ನಡುವೆ ಬಿಟ್ಟರೆ ಮಗು ಅದನ್ನು ಹಾಲೆಂದೇ ಭಾವಿಸಿ ಕ್ಷಣದಲ್ಲಿ ನುಂಗುತ್ತದೆ. ತಾಯಿಯ ಮೊಲೆತೊಟ್ಟಿನಲ್ಲಿ ಉರಿ, ಕೆಂಪು ಇದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು. ಬಾಟಲಿಯ ನಿಪ್ಪಲನ್ನು ದಿನವೂ ಕುದಿಸಬೇಕು.

ಮೈಕೊನಜೋಲ್ ಜೆಲ್ಲನ್ನು ನಾಲ್ಕು ತಿಂಗಳೊಳಗಿನ ಮಗುವಿಗೆ ಹಾಕಬಾರದು. ಅದರ ಅಂಟುಗುಣವೇ ಇಲ್ಲಿ ಅಪಾಯ: ಗಟ್ಟಿಯಾದ ಜೆಲ್ ಗಂಟಲಿನಲ್ಲಿ ಸಿಕ್ಕಿಕೊಂಡು ಮಗುವಿನ ಉಸಿರು ಕಟ್ಟಬಹುದು. ದೊಡ್ಡ ಮಕ್ಕಳಿಗೂ ಒಮ್ಮೆಗೇ ಹಾಕದೆ ಸ್ವಲ್ಪಸ್ವಲ್ಪವಾಗಿ, ಬಾಯಿಯ ಮುಂಭಾಗದಲ್ಲೇ ಹಚ್ಚಬೇಕು. ಮನೆಯ ಹಿರಿಯರು ಸೂಚಿಸುವ ಬಿಳಿಗಾರ ಬೆರೆಸಿದ ಗ್ಲಿಸರಿನ್ ಬೇಡ. ಬಿಳಿಗಾರ ಮಗುವಿನ ಮೈಗೆ ಹೀರಿಕೊಂಡು ವಿಷವಾಗಬಲ್ಲದು. ಜೇನುತುಪ್ಪ ಒಂದು ವರ್ಷದೊಳಗೆ ಯಾವ ಕಾರಣಕ್ಕೂ ಕೂಡದು. ಜೆನ್ಶಿಯನ್ ವಯಲೆಟ್ ಎಂಬ ನೇರಳೆ ಬಣ್ಣದ ಹಳೆಯ ಔಷಧದ ಕುರಿತು ಕೆನಡಾದ ಆರೋಗ್ಯ ಇಲಾಖೆ 2019ರಲ್ಲಿ ಕ್ಯಾನ್ಸರ್ ಸಾಧ್ಯತೆಯ ಎಚ್ಚರಿಕೆ ಕೊಟ್ಟಿದೆ. ಬೇರೆ ಔಷಧ ಸಿಗುವ ಕಡೆ ಅದನ್ನು ಆರಿಸುವ ಅಗತ್ಯವಿಲ್ಲ.

ಬೇರೆ ಮಾತ್ರೆಗಳ ಜೊತೆ ಗುದ್ದಾಟ

‘ಬಾಯಿಗೆ ಹಚ್ಚುವ ಜೆಲ್ ತಾನೆ, ಏನಾದೀತು’ ಎಂಬ ಸದರ ಬೇಡ. ಹಚ್ಚಿದ ಮೈಕೊನಜೋಲಿನಲ್ಲಿ ಒಂದಷ್ಟು ಪಾಲು ನುಂಗಿ ಹೊಟ್ಟೆಗೆ, ಅಲ್ಲಿಂದ ರಕ್ತಕ್ಕೆ ಸೇರಿಯೇ ಸೇರುತ್ತದೆ. ಯಕೃತ್ತಿನಲ್ಲಿ ಬೇರೆ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ತಡೆಯಲು ಆ ಪಾಲೇ ಸಾಕು. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುತ್ತಿರುವವರಲ್ಲಿ ಇದರಿಂದ ರಕ್ತ ವಿಪರೀತ ತೆಳುವಾಗಿ ರಕ್ತಸ್ರಾವವಾಗಬಹುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಬಗ್ಗೆ ವಿಶೇಷವಾಗಿ ಎಚ್ಚರಿಸಿತು. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಬಗೆಯ ಮಾತ್ರೆ ತಿನ್ನುವವರಲ್ಲಿ ಸಕ್ಕರೆ ಹಠಾತ್ತನೆ ಇಳಿಯಬಹುದು. ಕೊಲೆಸ್ಟರಾಲ್ ಇಳಿಸುವ ಕೆಲವು ಸ್ಟ್ಯಾಟಿನ್‌ಗಳೊಂದಿಗೂ ತೊಂದರೆಯಿದೆ. ನುಂಗುವ ಫ್ಲುಕೊನಜೋಲಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮೂತ್ರಪಿಂಡ ಕಸಿಯಾಗಿ, ದೇಹ ಅದನ್ನು ತಿರಸ್ಕರಿಸದಿರಲೆಂದು ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ಕ್ಲೋಟ್ರಿಮಜೋಲ್ ಚೀಪಿದರೂ ಟ್ಯಾಕ್ರೊಲಿಮಸ್ ಮಟ್ಟ ಏರುವುದುಂಟು. ನಿಸ್ಟಾಟಿನ್ ರಕ್ತಕ್ಕೆ ಸೇರದ ಕಾರಣ ಇಂಥವರಿಗೆ ಅದೇ ನಿರಾತಂಕದ ಆಯ್ಕೆ. ಬಾಯಿಗೆ ಔಷಧ ಬರೆಸಿಕೊಳ್ಳುವಾಗ, ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ.

ಹಚ್ಚುವ ಔಷಧ ಸಾಲದೆ ಹೋದಾಗ

ಈ ಕ್ರಮವನ್ನು ತಪ್ಪದೆ ಪಾಲಿಸಿದ ಮೇಲೂ ಒಂದು ವಾರದಲ್ಲಿ ಇಳಿಮುಖ ಕಾಣದಿದ್ದರೆ, ಅಥವಾ ನುಂಗುವಾಗ ಎದೆಯ ಹಿಂದೆ ನೋವಾಗುತ್ತಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ನುಂಗುವಾಗಿನ ನೋವು ಸೋಂಕು ಅನ್ನನಾಳಕ್ಕೆ ಇಳಿದಿರುವ ಸೂಚನೆ. ಅಲ್ಲಿಗೆ ಪೇಂಟಾಗಲಿ ಜೆಲ್ಲಾಗಲಿ ಮುಟ್ಟಿ ನಿಲ್ಲುವುದಿಲ್ಲ. ಮಧ್ಯಮ ಮತ್ತು ತೀವ್ರ ಸೋಂಕಿಗೆ ಸಾಮಾನ್ಯವಾಗಿ ಫ್ಲುಕೊನಜೋಲ್ 100ರಿಂದ 200 ಮಿಲಿಗ್ರಾಂ ದಿನಕ್ಕೊಮ್ಮೆಯಂತೆ 7ರಿಂದ 14 ದಿನ ಕೊಡುತ್ತಾರೆ. ಅದಕ್ಕೂ ಬಗ್ಗದ ಕ್ಯಾಂಡಿಡಾ ಬಗೆಗಳಿವೆ. ಆಗ ಇಟ್ರಕೊನಜೋಲ್ ದ್ರಾವಣವನ್ನು ಖಾಲಿ ಹೊಟ್ಟೆಯಲ್ಲಿ ಬಾಯಿತುಂಬ ಆಡಿಸಿ ನುಂಗಲು ಹೇಳಬಹುದು. ಆ ಒಂದು ದ್ರಾವಣ ಬಾಯಿಯಲ್ಲಿ ಮುಟ್ಟಿಯೂ, ರಕ್ತದ ಮೂಲಕ ಬಂದೂ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಅದೇ ಔಷಧದ ಕ್ಯಾಪ್ಸೂಲನ್ನು ಮಾತ್ರ ಊಟದ ಜೊತೆಗೆ ನುಂಗಬೇಕು, ಎರಡನ್ನೂ ಅದಲುಬದಲು ಮಾಡಿಕೊಳ್ಳುವಂತಿಲ್ಲ.

ಮೇಲೆ ಹೇಳಿದ ಯಾವ ಕಾರಣವೂ ಇಲ್ಲದ ವಯಸ್ಕರಿಗೆ ಬಾಯಿಯ ಫಂಗಸ್ ಮತ್ತೆ ಮತ್ತೆ ಬರುತ್ತಿದ್ದರೆ ಔಷಧ ಬದಲಿಸುವುದಕ್ಕಿಂತ ಮೊದಲು ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ವೈದ್ಯರ ಬಳಿ ಹೋಗುವಾಗ ಖಾಲಿಯಾದ ಬಾಟಲಿಯನ್ನೂ ಕೊಂಡೊಯ್ದು, ದಿನಕ್ಕೆ ಎಷ್ಟು ಬಾರಿ, ಊಟಕ್ಕೆ ಮೊದಲೋ ನಂತರವೋ, ಎಷ್ಟು ಹೊತ್ತು ಬಾಯಿಯಲ್ಲಿ ಇಟ್ಟುಕೊಂಡಿರಿ ಎಂಬುದನ್ನು ಇದ್ದಂತೆ ಹೇಳಿ. ಔಷಧ ಬದಲಿಸಬೇಕೋ ಅದನ್ನೇ ಸರಿಯಾಗಿ ಇನ್ನೊಂದು ವಾರ ಬಳಸಬೇಕೋ ಎಂಬುದನ್ನು ಅವರು ಆ ಉತ್ತರದಿಂದಲೇ ನಿರ್ಧರಿಸುತ್ತಾರೆ.